ಎರಡು ಮನೆಗಳ ನಡುವೆ ಗೋಡೆಯ ಬದಲು ತಗ್ಗಾದ, ದಟ್ಟವಾದ ಬೇಲಿಗೆ ಯಾವ ಗಿಡ ನೆಡಲಿ?

ಮೈಸೂರಿನಲ್ಲಿ ಮೂವತ್ತು ಅಡಿ ಉದ್ದದ ಗಡಿ, ಬೆಳಗಿನ ಬಿಸಿಲಷ್ಟೇ ಬೀಳುವ ಜಾಗ, ಪಕ್ಕದವರಿಗೂ ನಿಮಗೂ ಗೋಡೆ ಬೇಡ, ಮನೆಯಲ್ಲಿ ಸಣ್ಣ ಮಗುವಿದೆ ಎಂದು ಬರೆದಿದ್ದೀರಿ. ನಮ್ಮ ಮನೆಯೂ ಮೈಸೂರಿನಲ್ಲೇ ಇದೆ. ನಾನಾದರೆ ಕಣ್ಣು ಮುಚ್ಚಿ ಚಕ್ರಮುನಿ ನೆಡುತ್ತೇನೆ.

ವಿಟಮಿನ್ ಸೊಪ್ಪು ಎಂದು ಹಲವರು ಕರೆಯುವ ಗಿಡವೇ ಇದು. ಹಾಗೇ ಬಿಟ್ಟರೆ ಆಳೆತ್ತರ ಏರುತ್ತದೆ, ಚಿವುಟುತ್ತಿದ್ದರೆ ಎರಡೂವರೆ ಅಡಿಯಲ್ಲಿ ನಿಂತು ಕವಲೊಡೆಯುತ್ತದೆ. ಅರೆನೆರಳು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಬೇಲಿ ಕತ್ತರಿಸಿದ ದಿನ ಎಳೆಯ ಕುಡಿಗಳು ಪಲ್ಯಕ್ಕೋ ಸಾರಿಗೋ ಆಗುತ್ತವೆ. ಬೇಯಿಸಿ, ಮಿತವಾಗಿ ತಿನ್ನಿ. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಇದರ ಹಸಿ ರಸವನ್ನು ನಿತ್ಯ ಕುಡಿದ ಅನೇಕರಿಗೆ ಶ್ವಾಸಕೋಶದ ಗಂಭೀರ ಕಾಯಿಲೆ ಬಂದಿತ್ತು.

ಗಿಡಕ್ಕಿಂತಲೂ ಮುಖ್ಯವಾದದ್ದು ಮೊದಲ ವರ್ಷದ ಕತ್ತರಿ. ಚೆನ್ನಾಗಿ ಬೆಳೆಯುತ್ತಿರುವ ಗಿಡವನ್ನು ಕತ್ತರಿಸಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಒಂದಡಿ ಬಂದೊಡನೆ ಅರ್ಧಕ್ಕೆ ಕತ್ತರಿಸಿ, ಮತ್ತೆ ಚಿಗುರಿ ಒಂದೂವರೆ ಅಡಿಯಾದಾಗ ಇನ್ನೊಮ್ಮೆ ಕತ್ತರಿಸಿ. ಹಾಗೆ ಮಾಡದಿದ್ದರೆ ಮೇಲೆಲ್ಲ ಹಸಿರು, ಕೆಳಗೆ ಬರೀ ಕಡ್ಡಿ. ಬೆಕ್ಕು, ನಾಯಿ, ಮಗುವಿನ ಚೆಂಡು ಎಲ್ಲವೂ ಬುಡದಿಂದ ನುಸುಳುತ್ತವೆ. ಮುಂದೆ ಕತ್ತರಿಸುವಾಗಲೂ ತಲೆಗಿಂತ ಬುಡ ಸ್ವಲ್ಪ ಅಗಲವಾಗಿರಲಿ. ತಲೆ ಅಗಲವಾದರೆ ಕೆಳಗಿನ ಎಲೆಗೆ ಬೆಳಕು ಸಿಗದೆ ಉದುರಿಹೋಗುತ್ತದೆ.

ಗಡಿಯ ಗೆರೆಯ ಮೇಲೆಯೇ ನೆಡಬೇಡಿ. ಒಂದೂವರೆ ಅಡಿ ನಿಮ್ಮ ಕಡೆಗೆ ಬನ್ನಿ; ಆಚೆ ಬದಿಯನ್ನು ಕತ್ತರಿಸಲು ಪಕ್ಕದವರ ಅಂಗಳಕ್ಕೆ ಇಳಿಯಬೇಕಾಗುವುದಿಲ್ಲ. ಚಕ್ರಮುನಿಯ ಕಡ್ಡಿ ನೆಟ್ಟರೇ ಚಿಗುರುತ್ತದೆ. ಅಡಿಗೊಂದು ಕಡ್ಡಿಯಂತೆ ಎರಡು ಸಾಲು ಮಾಡಿ, ಒಂದು ಸಾಲಿನ ಸಂದಿಗೆ ಇನ್ನೊಂದು ಸಾಲಿನ ಗಿಡ ಬರುವಂತೆ ಕೂರಿಸಿ. ಸುಮಾರು ಅರವತ್ತು ಕಡ್ಡಿ ಬೇಕಾಗುತ್ತದೆ.

ಕೇಪಳ ಹೇಗೆ ಎಂದೂ ಕೇಳಿದ್ದೀರಿ. ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ಅದರ ಚೆಲುವನ್ನು ನೋಡಿಯೇ ನಾನೂ ಗಿಡ್ಡ ತಳಿಯ ಇಪ್ಪತ್ತು ಗಿಡ ತಂದು ಮನೆಯ ಪಾಯದ ಪಕ್ಕ ಹಾಕಿದ್ದೆ. ಎರಡನೆಯ ವರ್ಷಕ್ಕೆ ಎಲೆಯೆಲ್ಲ ಹಳದಿ, ನರಗಳು ಮಾತ್ರ ಹಸಿರು. ಕೇಪಳಕ್ಕೆ ಹುಳಿ ಮಣ್ಣು ಬೇಕು. ಸಿಮೆಂಟಿನ ಸುಣ್ಣವೂ ಬೋರ್‌ವೆಲ್ಲಿನ ಗಡಸು ನೀರೂ ಸೇರಿ ಮಣ್ಣು ಕ್ಷಾರವಾದರೆ ಅದರ ಬೇರಿಗೆ ಕಬ್ಬಿಣಾಂಶ ದಕ್ಕುವುದಿಲ್ಲ. ನಿಮ್ಮಲ್ಲಿ ಕಾವೇರಿ ನೀರು ಧಾರಾಳವಾಗಿದ್ದು, ಗಡಿ ಗೋಡೆಗಳಿಂದ ದೂರವಿದ್ದರೆ ಪ್ರಯತ್ನಿಸಬಹುದು. ಆದರೂ ಅದು ಹೂ ತುಂಬಿ ನಿಲ್ಲಲು ಇನ್ನಷ್ಟು ಬಿಸಿಲು ಬೇಕು.

ನರ್ಸರಿಯವರು ಮೊದಲು ತೋರಿಸುವುದು ಹೊಂಬಣ್ಣದ ಎಲೆಯ ಡುರಾಂಟಾ. ಬೇಗ ದಟ್ಟವಾಗುತ್ತದೆ. ಆದರೆ ಅದರ ಹಳದಿ ಕಾಯಿ ವಿಷ, ಮಗುವಿರುವ ಮನೆಗೆ ಬೇಡ. ಕಣಗಿಲೆಯೂ ಬೇಡ. ಲಂಟಾನವಂತೂ ನಮ್ಮ ಕಾಡುಗಳನ್ನು ನುಂಗಿರುವ ಗಿಡ, ಅಂಗಳದಲ್ಲಿ ನಾವೇ ಸಾಕುವುದು ನನಗೆ ಸರಿ ಕಾಣುವುದಿಲ್ಲ.

ಹೂ ಬೇಕೆನಿಸಿದರೆ ಚಕ್ರಮುನಿಯ ಆಚೆ ಉಳಿಯುವ ಆ ಒಂದೂವರೆ ಅಡಿಯಲ್ಲಿ ಕನಕಾಂಬರ ಹಾಕಿ, ನಡುನಡುವೆ ಒಂದೊಂದು ಚೆಂಡುಹೂವಿನ ಗಿಡವಿರಲಿ. ಕನಕಾಂಬರದ ಬೇರಿಗೆ ಗಂಟು ಕಟ್ಟುವ ಜಂತುಹುಳುವಿನ ಕಾಟ ಅದರಿಂದ ಕಡಿಮೆಯಾಗುತ್ತದೆ. ನಮ್ಮಲ್ಲಿ ಆ ಸಾಲಿನ ಹೂ ಕೊಯ್ಯುವವರು ಪಕ್ಕದ ಮನೆಯ ಅಜ್ಜಿ. ಸಂಜೆ ಅರ್ಧ ಮೊಳ ಕಟ್ಟಿ ಬೇಲಿಯ ಮೇಲಿಂದ ನಮಗೂ ಕೊಡುತ್ತಾರೆ.

ಚಕ್ರಮುನಿಯ ಗಿಡ ಕೊಳ್ಳಲು ಹೋಗಬೇಡಿ. ನಿಮ್ಮ ಬೀದಿಯಲ್ಲಿ ಯಾರಾದರೂ ಬೆಳೆಸಿರುತ್ತಾರೆ, ಕೇಳಿ ನೋಡಿ. ಪೆನ್ಸಿಲ್ ದಪ್ಪದ, ಗೇಣುದ್ದದ ಬಲಿತ ಕಡ್ಡಿಗಳನ್ನು ಜೂನಿನಲ್ಲಿ ಮಳೆ ಹಿಡಿದ ಮೇಲೆ ಅರ್ಧದಷ್ಟು ಮಣ್ಣಿನೊಳಗೆ ಇಳಿಸಿ. ಹತ್ತು ಕಡ್ಡಿ ಹೆಚ್ಚಿಗೆ ನೆಡಿ, ಕೆಲವು ಚಿಗುರುವುದಿಲ್ಲ.