ಬಾಲ್ಸಾ ಮರದ ಮಾಡೆಲ್ ವಿಮಾನಕ್ಕೆ ಯಾವ ಬ್ಲೇಡ್ ಒಳ್ಳೆಯದು? ನಮ್ಮ ಮಲೆನಾಡಿನ ಮಳೆಗೆ ತುಕ್ಕು ಹಿಡಿಯುತ್ತದಲ್ಲ?

11ನೇ ನಂಬರಿನ ಚೂಪು ಮೊನೆಯ ಸರ್ಜಿಕಲ್ ಬ್ಲೇಡ್, ಜೊತೆಗೆ 3ನೇ ನಂಬರಿನ ಹಿಡಿ ತಗೊಳ್ಳಿ. ಶಿವಮೊಗ್ಗದಲ್ಲಿ ಸರ್ಜಿಕಲ್ ಸಾಮಾನಿನ ಅಂಗಡಿಯಲ್ಲಿ ಕೇಳಿ ನೋಡಿ.

ಬಾಲ್ಸಾ ತೀರಾ ಮೆದು ಮರ. ಅಲಗು ಸ್ವಲ್ಪ ಮೊಂಡಾದರೂ ಎಳೆಗಳು ತುಂಡಾಗುವ ಮೊದಲೇ ಜಜ್ಜಿಹೋಗಿ ಅಂಚು ಚಿಂದಿಯಾಗುತ್ತದೆ. ತೆಳು ಅಲಗಿನಲ್ಲಿ ಒತ್ತಡವೆಲ್ಲ ಕೂದಲೆಳೆಯಂಥ ಗೆರೆಯ ಮೇಲೆ ಬೀಳುವುದರಿಂದ ಎಳೆ ನೀಟಾಗಿ ತುಂಡಾಗುತ್ತದೆ. ಸ್ಟೀಲ್ ಸ್ಕೇಲ್ ಇಟ್ಟು ಮೂರ್ನಾಲ್ಕು ಸಲ ಹಗುರವಾಗಿ ಎಳೆಯಿರಿ. ಪಕ್ಕಕ್ಕೆ ತಿರುಚಿದರೆ ಮೊನೆ ಪಟ್ಟನೆ ಮುರಿದು ಸಿಡಿಯುತ್ತದೆ, ಕನ್ನಡಕ ಹಾಕಿಕೊಳ್ಳಲೇಬೇಕು.

ಸ್ಟೇನ್‌ಲೆಸ್ ಬ್ಲೇಡಿಗಿಂತ ಕಾರ್ಬನ್ ಸ್ಟೀಲ್ ಬ್ಲೇಡಿಗೆ ಹರಿತ ಹೆಚ್ಚು, ತುಕ್ಕೂ ಬೇಗ. ಮಳೆಗಾಲದಲ್ಲಿ ಬೇಕಾದಾಗಷ್ಟೇ ಪೊಟ್ಟಣ ಒಡೆಯಿರಿ, ಒಡೆದದ್ದಕ್ಕೆ ಹೊಲಿಗೆ ಮೆಷಿನ್ ಎಣ್ಣೆ ಸವರಿಡಿ. ಕತ್ತರಿಸುವ ಮೊದಲು ಅದನ್ನು ಪೂರ್ತಿ ಒರೆಸಿ, ಎಣ್ಣೆ ತಾಗಿದ ಮರಕ್ಕೆ ಅಂಟು ಸರಿಯಾಗಿ ಹಿಡಿಯುವುದಿಲ್ಲ.