ಗಾಯಾಳುವಿಗೆ ಹಾಸಿಗೆ ಎಷ್ಟು ದಿನ?

ಪ್ರಶ್ನೆ: ನಮ್ಮೂರಿನ ಇಬ್ಬರಿಗೆ ಬೈಕ್ ಅಪಘಾತದಲ್ಲಿ ಕಾಲು ಮುರಿಯಿತು. ಒಬ್ಬರು ವಾರದಲ್ಲಿ ಮನೆಗೆ ಬಂದರು, ಇನ್ನೊಬ್ಬರು ಎರಡು ತಿಂಗಳಾದರೂ ಆಸ್ಪತ್ರೆಯಲ್ಲೇ ಇದ್ದಾರೆ. ಇಷ್ಟು ಅಂತರ ಯಾಕೆ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಮೂಳೆಯ ಜತೆ ಚರ್ಮವೂ ಹರಿದಿತ್ತೇ ಎಂಬುದನ್ನು ಮೊದಲು ನೋಡಬೇಕು. ತೊಡೆಯ ಮೂಳೆ ಚರ್ಮದೊಳಗೇ ಮುರಿದಿದ್ದರೆ ಅದರ ಪೊಳ್ಳಿನಲ್ಲಿ ಲೋಹದ ಸರಳು ಕೂರಿಸುತ್ತಾರೆ. ಬೇರೆ ತೊಡಕಿಲ್ಲದಿದ್ದರೆ ವಾರದ ಹೊತ್ತಿಗೆ ವಾಕರ್ ಹಿಡಿದು ಹೊರಡಬಹುದು. ಮೊಣಕಾಲಿನ ಕೆಳಗಿನ ಮೂಳೆ ಹಾಗಲ್ಲ. ಅದರ ಮುಂಭಾಗಕ್ಕೆ ಮಾಂಸದ ಹೊದಿಕೆಯೇ ಇಲ್ಲ, ಬೆರಳಿಟ್ಟರೆ ಮೂಳೆ ತಗಲುತ್ತದೆ. ಮುರಿದ ತುದಿ ಸಲೀಸಾಗಿ ಚರ್ಮ ಸೀಳುತ್ತದೆ, ರಸ್ತೆಯ ಮಣ್ಣು ಒಳಸೇರುತ್ತದೆ. ಆಗ ಲೀಟರ್‌ಗಟ್ಟಲೆ ಸಲೈನ್‌ನಿಂದ ತೊಳೆದು, ಸತ್ತ ಮಾಂಸ ಕತ್ತರಿಸಿ, ಹೊರಗಿನಿಂದ ಸರಳುಗಳ ಚೌಕಟ್ಟು ಹಾಕಬೇಕು. ಎರಡು ದಿನ ಬಿಟ್ಟು ಮತ್ತೊಮ್ಮೆ ತೊಳೆಯಬೇಕಾದೀತು. ಬಯಲಾದ ಮೂಳೆ ಮುಚ್ಚಲು ಪ್ಲಾಸ್ಟಿಕ್ ಸರ್ಜನ್ ಪಕ್ಕದ ಮಾಂಸ ತಿರುಗಿಸಿ ಹೊದಿಸಬೇಕು, ಮೇಲೆ ಚರ್ಮದ ಕಸಿ. ನಡುವೆ ಕೀವಾದರೆ ಎಲ್ಲವೂ ಮೊದಲಿನಿಂದ ಶುರು. ಸಕ್ಕರೆ ಕಾಯಿಲೆ ಇದ್ದವರಿಗೆ, ಬೀಡಿ ಸೇದುವವರಿಗೆ ಗಾಯ ಮಾಯುವುದು ಇನ್ನೂ ತಡ.

ಕೀವಾಗದಂತೆ ತಡೆಯಲು ಆ್ಯಂಟಿಬಯೋಟಿಕ್‌ನ ಮೊದಲ ಡೋಸ್ ಒಂದು ಗಂಟೆಯೊಳಗೆ ರಕ್ತಕ್ಕೆ ಸೇರಬೇಕು. ಬರೀ ಚೀಟಿ ಬರೆದು ಹುಬ್ಬಳ್ಳಿಗೆ ಸಾಗಹಾಕಿದರೆ ಆ ಗಂಟೆ ದಾರಿಯಲ್ಲೇ ಮುಗಿದುಹೋಗುತ್ತದೆ. ಇದು ಸರಿಯಲ್ಲ. ಡೋಸ್, ಟಿಟಿ ಚುಚ್ಚುಮದ್ದು, ಕಾಲು ಅಲುಗದಂತೆ ಕಟ್ಟುವ ಸ್ಪ್ಲಿಂಟ್ ಈ ಮೂರೂ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುವ ಕೆಲಸ. ಎಷ್ಟು ಗಂಟೆಗೆ ಕೊಟ್ಟರೆಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಗಾಯಕ್ಕೆ ಅರಿಶಿನ, ಕಾಫಿಪುಡಿ ಮೆತ್ತಬೇಡಿ, ತೊಳೆದು ತೆಗೆಯುವುದು ಕಷ್ಟ. ಬಿಗಿಯಾದ ನಾಟಿ ಕಟ್ಟಿನ ಕೆಳಗೆ ಕಾಲು ಊದಿ ರಕ್ತ ಓಡದಂತಾದರೆ ಮೂಳೆಯ ಮಾತಿರಲಿ, ಕಾಲನ್ನೇ ಕಳೆದುಕೊಳ್ಳಬೇಕಾದೀತು.

ಪ್ರಶ್ನೆ: ಅಡಿಕೆ ಮರದಿಂದ ಬಿದ್ದವರನ್ನು ಕೂಡಲೇ ಎತ್ತಿ ಜೀಪಿಗೆ ಹಾಕಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಕೈಕಾಲು ಹಿಡಿದು ಎತ್ತಲೇಬೇಡಿ. ಬೆನ್ನೆಲುಬು ಮುರಿದೂ ಒಳಗಿನ ಹುರಿ ಉಳಿದಿರಬಹುದು. ನಡು ಬಾಗಿದರೆ ಅದೂ ಹೋದೀತು. ಎದ್ದು ಕೂರಿಸಬೇಡಿ, ನೀರು ಕುಡಿಸಬೇಡಿ. ಒಬ್ಬರು ತಲೆ ಮತ್ತು ಕುತ್ತಿಗೆಯನ್ನು ನೇರವಾಗಿ ಹಿಡಿಯಲಿ, ಮೂವರು ಭುಜ, ಸೊಂಟ, ಕಾಲು ಹಿಡಿಯಲಿ. ತಲೆ ಹಿಡಿದವರು ಎಣಿಸಿದಂತೆ ಇಡೀ ದೇಹವನ್ನು ಮರದ ದಿಮ್ಮಿಯ ಹಾಗೆ ಒಟ್ಟಿಗೆ ಹೊರಳಿಸಿ, ಹಲಗೆಯನ್ನೋ ಕಳಚಿದ ಬಾಗಿಲನ್ನೋ ಕೆಳಗೆ ಸರಿಸಿ. ವಾಂತಿ ಬಂದರೆ ಹೀಗೆಯೇ ಪಕ್ಕಕ್ಕೆ ಹೊರಳಿಸಿ.

ಕಾಲಿನ ಸ್ವಾಧೀನ ತಪ್ಪಿದವರನ್ನು ಆಸ್ಪತ್ರೆಯಲ್ಲಿ ಬಹುದಿನ ಹಿಡಿದಿಡುವುದು ಶಸ್ತ್ರಚಿಕಿತ್ಸೆಯಲ್ಲ, ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು, ರಾತ್ರಿಯೂ. ಒಬ್ಬ ನರ್ಸ್ ಇಡೀ ವಾರ್ಡ್ ನೋಡುವಲ್ಲಿ ಇದು ತಪ್ಪುತ್ತದೆ, ಆದ್ದರಿಂದ ಮನೆಯವರು ಮೊದಲ ದಿನವೇ ಕಲಿತುಬಿಡಿ. ಬಾಲಮೂಳೆಯ ಮೇಲೆ ಚರ್ಮ ಕೆಂಪಾಗಿ, ಒತ್ತಿದರೂ ಬಿಳಿಚದಿದ್ದರೆ ಹುಣ್ಣು ಶುರುವಾಯಿತೆಂದೇ ತಿಳಿಯಿರಿ.

ಪ್ರಶ್ನೆ: ತಲೆಗೆ ಪೆಟ್ಟಾದವರಿಗೆ ದೊಡ್ಡಾಸ್ಪತ್ರೆಗಳಲ್ಲೂ ಐಸಿಯು ಹಾಸಿಗೆ ಸಿಗುವುದಿಲ್ಲವಲ್ಲ?
– ಓದುಗರು, ತುಮಕೂರು

ಉತ್ತರ: ಎಚ್ಚರದ ಮಟ್ಟವನ್ನು 3ರಿಂದ 15ರವರೆಗಿನ ಅಂಕಗಳಲ್ಲಿ ಅಳೆಯುತ್ತಾರೆ. 8 ಅಥವಾ ಅದಕ್ಕಿಂತ ಕಡಿಮೆಯಾದರೆ ಸಾಮಾನ್ಯವಾಗಿ ಉಸಿರಿನ ನಳಿಕೆ, ವೆಂಟಿಲೇಟರ್ ಬೇಕು. ಅಂಥ ಒಬ್ಬರೇ ವಾರಗಟ್ಟಲೆ ಆ ಹಾಸಿಗೆಯಲ್ಲಿರುತ್ತಾರೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಸುದ್ದಿಯಾಗುವುದು ಈ ಸಂಖ್ಯೆ. ಆಸ್ಪತ್ರೆಗಳ ಹೊರೆ ಅದೇ ವರ್ಷ ಗಾಯಗೊಂಡ 4,43,366 ಮಂದಿಯದು. ಇದೂ ರಸ್ತೆ ಅಪಘಾತಗಳ ಸರ್ಕಾರಿ ಲೆಕ್ಕ ಮಾತ್ರ. ಮರದಿಂದ ಬಿದ್ದವರು, ಬಚ್ಚಲಲ್ಲಿ ಜಾರಿದ ಅಜ್ಜಿಯರು ಇದರಲ್ಲಿಲ್ಲ.

ಹೆಲ್ಮೆಟ್ ತಲೆಯ ಗಾಯದ ಸಂಭವವನ್ನು ಸುಮಾರು ಶೇ 69ರಷ್ಟು, ಸಾವನ್ನು ಶೇ 42ರಷ್ಟು ತಗ್ಗಿಸುತ್ತದೆಂದು ಹಲವು ಅಧ್ಯಯನಗಳನ್ನು ಕಲೆಹಾಕಿದ ವಿಮರ್ಶೆ ತೋರಿಸಿದೆ. ಗದ್ದದ ಪಟ್ಟಿ ಕಟ್ಟದಿದ್ದರೆ ಬಿದ್ದ ಕ್ಷಣದಲ್ಲೇ ಅದು ಹಾರಿಹೋಗುತ್ತದೆ. ಹಿಂಬದಿ ಸವಾರರಿಗೂ ಐಎಸ್‌ಐ ಗುರುತಿನ ಹೆಲ್ಮೆಟ್ಟೇ ಬೇಕು.

ಪ್ರಶ್ನೆ: ಗಾಯಾಳುವನ್ನು ದಾರಿಹೋಕರು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ಕಾಟ ಬರುವುದೇ? ಖರ್ಚು ಯಾರದು?
– ಓದುಗರು, ಕಲಬುರಗಿ

ಉತ್ತರ: ಮೋಟಾರು ವಾಹನ ಕಾಯ್ದೆಯ 134ಎ ಕಲಮು ನೆರವಾದವರನ್ನು ರಕ್ಷಿಸುತ್ತದೆ. ಹೆಸರು, ವಿಳಾಸ ಹೇಳಲೇಬೇಕೆಂಬ ಒತ್ತಾಯವಿಲ್ಲ. 108ಕ್ಕೆ ಕರೆ ಮಾಡಿ. 2025ರ ಮೇ ತಿಂಗಳಿಂದ ಜಾರಿಯಲ್ಲಿರುವ ಕೇಂದ್ರದ ನಗದುರಹಿತ ಯೋಜನೆಯಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ, ಅಪಘಾತದ ದಿನದಿಂದ 7 ದಿನ, ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಆದರೆ ಮೇಲೆ ಹೇಳಿದಂಥ ತೆರೆದ ಗಾಯದ ಮೂಳೆಮುರಿತ 7 ದಿನಕ್ಕೆ ಮುಗಿಯುವುದಿಲ್ಲ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅವಕಾಶವಿದೆ. ರೇಷನ್ ಕಾರ್ಡ್ ಮತ್ತು ಆಧಾರ್ ಹಿಡಿದು ಆ 7 ದಿನ ಮುಗಿಯುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಕಾಣಿ.