ಉಪ್ಸಾಲಾದಲ್ಲಿ ಕ್ವಾಯರ್ ಸೇರಲೋ ಬೇಡವೋ ಎಂದ ತಂಗಿಗೆ

ಅಕ್ಕ ಅಂತ ಕರೆದು ಕೇಳಿದ್ದೀಯ, ಹಾಗಾಗಿ ಸಲುಗೆಯಿಂದಲೇ ಬರೀತೀನಿ. ಸ್ವೀಡನ್ನಿನಲ್ಲಿ ಮೊದಲ ಚಳಿಗಾಲ, ಮಧ್ಯಾಹ್ನ ಮೂರಕ್ಕೇ ಕತ್ತಲು, ಆಫೀಸು ಬಿಟ್ಟರೆ ಮಾತಿಗೆ ಜನ ಇಲ್ಲ. ಜೊತೆಯವಳು ಕ್ವಾಯರ್‌ಗೆ, ಅಂದರೆ ಬೇರೆ ಬೇರೆ ಸ್ವರಗಳನ್ನು ಒಟ್ಟಿಗೆ ಹಾಡೋ ಗುಂಪಿಗೆ, ಕರೀತಿದ್ದಾಳೆ, ಕಲಿತ ಕರ್ನಾಟಕ ಸಂಗೀತ ಅಲ್ಲಿ ಕೆಟ್ಟುಹೋಗುತ್ತಾ ಅನ್ನೋದು ನಿನ್ನ ಭಯ. ಕೆಡಲ್ಲ, ಸೇರು. ಇಲ್ಲಿಯವರು ಬಸ್ಸಲ್ಲಿ ಪಕ್ಕದಲ್ಲಿ ಕೂತರೂ ಮಾತಾಡಿಸಲ್ಲ. ಅಭ್ಯಾಸದ ನಡುವೆ ಫೀಕಾಗೆ (ಇಲ್ಲಿಯವರ ಕಾಫಿ ವಿರಾಮ) ಬಿಟ್ಟಾಗ ಮಾತ್ರ ಕಾಫಿ, ಏಲಕ್ಕಿ ಬನ್ನು ಹಿಡ್ಕೊಂಡು ತಾವಾಗೇ ಬಂದು ಮಾತಿಗೆ ನಿಲ್ತಾರೆ.

ಕಷ್ಟ ಇರೋದು ಹಾಡೋದರಲ್ಲೇ. ನಮ್ಮಲ್ಲಿ ದನಿ ಎದ್ದು ಕೇಳಿಸಿದರೆ ಭೇಷ್ ಅಂತಾರೆ. ಇಲ್ಲಿ ಎದ್ದು ಕೇಳಿಸಿದರೆ ನಿರ್ದೇಶಕರು ತಿರುಗಿ ನೋಡ್ತಾರೆ. ಸ್ವೀಡಿಷ್ ಕ್ವಾಯರ್‌ಗಳು ಹೆಸರು ಮಾಡಿರೋದೇ ಕಂಪನವಿಲ್ಲದ, ಒಂದರೊಳಗೊಂದು ಬೆರೆತ ದನಿಗೆ. ನಿರ್ದೇಶಕ ಎರಿಕ್ ಎರಿಕ್ಸನ್ (1918–2013) ಮೂವತ್ತು ವರ್ಷ ಸ್ವೀಡಿಷ್ ರೇಡಿಯೋ ಕ್ವಾಯರನ್ನು ಹಾಗೆ ತಿದ್ದಿದರು, ಪಾಠ ಹೇಳಿ ಶಿಷ್ಯರನ್ನೂ ಬೆಳೆಸಿದರು. ಹಾಗಾಗಿ ಗಾಂಧಾರವನ್ನು ಅಲ್ಲಾಡಿಸದೆ ಹಿಡಿಯೋದೇ ನಿನ್ನ ಮೊದಲ ಪಾಠ. ತಂಬೂರಿ ಇಲ್ಲ. ನಿರ್ದೇಶಕರು ಟ್ಯೂನಿಂಗ್ ಫೋರ್ಕನ್ನು (ತಟ್ಟಿದರೆ ಒಂದೇ ಸ್ವರ ನುಡಿಯೋ ಲೋಹದ ಕವೆ) ಮೊಣಕಾಲಿಗೆ ತಟ್ಟಿ, ಕಿವಿಗೆ ಹಿಡಿದು, ಸೊಪ್ರಾನೋ, ಆಲ್ಟೊ, ಟೆನರ್, ಬಾಸ್ ಅನ್ನೋ ನಾಲ್ಕೂ ದನಿಯ ಗುಂಪಿಗೆ ಆರಂಭದ ಸ್ವರ ಗುನುಗಿ ಕೊಡ್ತಾರೆ, ಅಷ್ಟೇ. ಹಾಡು ಮುಗಿದ ಮೇಲೆ ಶ್ರುತಿ ಇಳಿದಿದೆಯಾ ಅಂತ ನೋಡ್ತಾರೆ; ಅಲ್ಲಿ ನಿನ್ನ ಕಿವಿಗೆ ಬೆಲೆ ಸಿಗುತ್ತೆ. ಉದ್ದದ ಸಾಲಿನಲ್ಲಿ ಉಸಿರು ಕೂಡ ಸರದಿ ಮೇಲೆ: ಪಕ್ಕದವಳು ಎಳೆದುಕೊಂಡಾಗ ನೀನು ಎಳೆಯಬಾರದು, ಸಾಲು ಹರಿದುಹೋಗುತ್ತೆ.

ಐದೂವರೆ ಮನೆ ಶ್ರುತಿಯಲ್ಲಿ ಹಾಡ್ತಿದ್ದೆ ಅಂದೆಯಲ್ಲ, ನಿನ್ನನ್ನು ಆಲ್ಟೊಗೇ, ಅಂದರೆ ಹೆಂಗಸರ ತಗ್ಗು ದನಿಯ ಗುಂಪಿಗೇ, ಹಾಕ್ತಾರೆ. ಮುಖ್ಯ ಧಾಟಿ ಹೆಚ್ಚಾಗಿ ಮೇಲಿನ ದನಿಯ ಸೊಪ್ರಾನೋಗಳ ಪಾಲು. ಆಲ್ಟೊಗೆ ಕೆಲವೊಮ್ಮೆ ಇಡೀ ಸಾಲಿಗೆ ಎರಡೇ ಸ್ವರ. ಬೇಜಾರಾಗಬೇಡ, ಒಳಗಿಂದ ಕೇಳೋ ರುಚಿ ಅಲ್ಲೇ ಹೆಚ್ಚು (ಇದು ಆಲ್ಟೊಗಳ ಜಂಬ ಅಂತಲೂ ಅನ್ನಬಹುದು).

ಸ್ವೀಡನ್ನಿನ ಈ ಬಗೆಯನ್ನೇ ಇಡೀ ಉತ್ತರ ಯುರೋಪಿನ ರೀತಿ ಅಂದುಕೊಳ್ಳಬೇಡ. ಸ್ಟಾಕ್‌ಹೋಮಿನಿಂದ ಒಂದು ರಾತ್ರಿ ಹಡಗು ಹತ್ತಿದರೆ ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್. ಎಸ್ಟೋನಿಯಾದವರ ಹಾಡುಹಬ್ಬ 1869ರಲ್ಲಿ ಅಲ್ಲಿನ ತಾರ್ತು ಊರಿನಲ್ಲಿ ಶುರುವಾದದ್ದು. ಈಗ ಐದು ವರ್ಷಕ್ಕೊಮ್ಮೆ ಟ್ಯಾಲಿನ್‌ನಲ್ಲಿ ಸಾವಿರಾರು ಜನ ಒಟ್ಟಿಗೇ ನಿಂತು ಹಾಡ್ತಾರೆ. 1988ರಲ್ಲಿ ಸೋವಿಯತ್ ಆಳ್ವಿಕೆಯ ವಿರುದ್ಧ ಜನ ಹಾಡ್ತಾ ಸೇರಿದ್ದೂ ಅದೇ ಬಯಲಲ್ಲಿ. ಅವರ ಸಂಗೀತ ರಚನಕಾರ ವೆಲ್ಯೊ ಟಾರ್ಮಿಸ್ ಕ್ವಾಯರ್‌ಗೆ ತಂದ ಹಳೇ ಜನಪದ ಹಾಡುಗಳನ್ನು ಕೇಳು: ಒಬ್ಬರು ಹೇಳಿ ಉಳಿದವರು ಎತ್ತಿಕೊಳ್ಳೋದು, ಥೇಟ್ ನಮ್ಮ ಸೋಬಾನೆ ಪದ.

ಚರ್ಚ್ ಕ್ವಾಯರ್‌ಗೆ ಸಾಮಾನ್ಯವಾಗಿ ಫೀಸು ಇರಲ್ಲ, ನಿನ್ನ ಧರ್ಮ ಯಾವುದು ಅಂತಲೂ ಕೇಳಲ್ಲ. ಆದರೆ ಹಾಡೋದು ಅವರ ಪ್ರಾರ್ಥನೆಗೇ, ಅದು ಮುಜುಗರ ಅನಿಸಿದರೆ ಬೇರೆ ಗುಂಪು ನೋಡು; ಅಲ್ಲಿ ಟರ್ಮಿಗೆ ಇಷ್ಟು ಅಂತ ಫೀಸು, ಕೆಲವು ಕಡೆ ಹಾಡಿಸಿ ನೋಡೋ ಪರೀಕ್ಷೆ. ಪಾಶ್ಚಾತ್ಯ ಸ್ವರಲಿಪಿ ಬರಲ್ಲ ಅಂತ ಮೊದಲೇ ಹೇಳಿಬಿಡು, ನಿನ್ನ ಪಾಲಿನದನ್ನು ರೆಕಾರ್ಡ್ ಮಾಡಿ ಕೊಡೋ ಗುಂಪುಗಳಿವೆ. ಡಿಸೆಂಬರ್ 13ರ ಲೂಸಿಯಾ ಅನ್ನೋ ಬೆಳಕಿನ ಹಬ್ಬದ ತಯಾರಿ ನಡೀತಿದೆ, ಈಗ ಹೊಸಬರನ್ನು ನೋಡೋಕೆ ಅವರಿಗೆ ಪುರುಸೊತ್ತಿರಲ್ಲ. ಹೊಸ ಟರ್ಮು ಜನವರಿಗೆ. ಈಗಲೇ ಒಂದು ಮೇಲ್ ಹಾಕಿಡು.